ಗೋಡೆಗೊಂದು ತೂತು

ನಮ್ಮ ಸುರಪುರ ಸೀಮೆಯ ಹಳೆಯ ಮನೆಗಳಲ್ಲಿ ಗೋಡೆಗೆ ಏನೇನು ಬೇಕೆಂಬುದು ಕಟ್ಟುವಾಗಲೇ ತೀರ್ಮಾನವಾಗಿಬಿಡುತ್ತಿತ್ತು. ದೀಪಕ್ಕೊಂದು ಮಾಡ, ದೇವರಿಗೊಂದು ಗೂಡು, ಅರಿವೆ ತೂಗುಹಾಕಲು ನಾಲ್ಕು ಗೂಟ, ಅನುಕೂಲಸ್ಥರ ಮನೆಯಾದರೆ ಪಡಸಾಲೆಯಲ್ಲಿ ಒಂದೆರಡು ಗಿಳಿಗೂಟ. ಕಲ್ಲಿನ ಮೇಲೆ ಕಲ್ಲು ಏರಿ ಗೋಡೆ ನಿಂತಿತೆಂದರೆ ಆ ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಆ ಮನೆಗೆ ಸೊಸೆಯಾಗಿ ಬಂದವಳು ತನ್ನ ಕನ್ನಡಿಯನ್ನಾಗಲಿ, ತವರಿನಿಂದ ತಂದ ಫೋಟೋವನ್ನಾಗಲಿ ಆ ನಾಲ್ಕು ಗೂಟಗಳ ನಡುವೆಯೇ ಎಲ್ಲಾದರೂ ಹೊಂದಿಸಿಕೊಳ್ಳಬೇಕು. ಮೊಳೆ ಹೊಡೆಯಲು ಹೋದರೆ ಮೊಳೆ ಬಾಗುತ್ತಿತ್ತು, ಸುಣ್ಣ ಉದುರುತ್ತಿತ್ತು, ಒಳಗಿನಿಂದ ಹಿರಿಯರ ದನಿ ಬರುತ್ತಿತ್ತು: "ಗ್ವಾಡಿ ಯಾಕ ಬಡೀತೀ ಬೇ? ಅದೇನ್ ಮಾಡೈತಿ ನಿನಗ?"

ನಾನು ದೇವಾಪುರಕ್ಕೆ ಬಂದದ್ದು ಅಂಥದೇ ಮನೆಗೆ. ಮುಂದೆ ಹಿಂಭಾಗದಲ್ಲಿ ಸಿಮೆಂಟಿನ ಕೋಣೆಗಳು ಎದ್ದವು, ಬಚ್ಚಲಿಗೆ ಟೈಲ್ಸ್ ಬಂತು. ಗೋಡೆಯ ಸ್ವಭಾವ ಮಾತ್ರ ಬದಲಾಗಲಿಲ್ಲ. ಕಾಂಕ್ರೀಟೂ ಮೊಳೆಯನ್ನು ಬಾಗಿಸಿಯೇ ಕಳಿಸುತ್ತಿತ್ತು. ಒಂದು ಪರದೆಯ ಕೋಲು ಹಾಕಿಸಬೇಕಾದರೂ ಮಷೀನು ಇರುವವನನ್ನು ಹುಡುಕಬೇಕು, ಅವನು ಬರುವ ದಿನಕ್ಕೆ ಕಾಯಬೇಕು. ಇಷ್ಟು ವರ್ಷ ಹಾಗೆಯೇ ನಡೆಯಿತು. ಅತ್ತೆಯವರಿಗೆ ಎಪ್ಪತ್ತೆಂಟು ದಾಟಿ, ಬಚ್ಚಲಿನಲ್ಲಿ ಏಳುವಾಗ ಆಸರೆ ಬೇಕಾದಾಗ ಮಾತ್ರ ಕಾಯುವುದು ಆಗದ ಮಾತಾಯಿತು. ಗೋಡೆಗೆ ಒಂದು ಉಕ್ಕಿನ ಹಿಡಿಕೆ ಕೂಡಿಸಬೇಕಿತ್ತು. ಅದೂ ಮುದುಕಿಯ ಪೂರ್ತಿ ಭಾರ ತಡೆಯುವಂತೆ. ಮಗಳೇ ಹೇಳಿದಳು, "ಅವ್ವಾ, ಒಂದು ಮಷೀನು ನಾವೇ ತಗೊಂಡರ ಏನಾಗ್ತದ?"

ಪೇಟೆಯ ಅಂಗಡಿಯಲ್ಲಿ ನೋಡಲು ಒಂದೇ ಥರದ ಎರಡು ಮಷೀನುಗಳನ್ನು ಮುಂದಿಟ್ಟರು. ಒಂದರ ಹೆಸರು ಇಂಪ್ಯಾಕ್ಟ್ ಡ್ರಿಲ್, ಇನ್ನೊಂದರ ಹೆಸರು ರೋಟರಿ ಹ್ಯಾಮರ್ ಡ್ರಿಲ್. ಏನು ವ್ಯತ್ಯಾಸವೆಂದು ಕೇಳಿದ್ದಕ್ಕೆ, "ಮನ್ಯಾಗಿನ ಗಂಡಸರನ್ನ ಕಳಿಸ್ರಿ, ಅವರಿಗೆ ಗೊತ್ತಾಗ್ತದ" ಎಂಬ ಉತ್ತರ ಬಂತು. ನಾನು ಸಿಟ್ಟಾಗಲಿಲ್ಲ. ಮನೆಗೆ ಬಂದು, ಈ ವಸ್ತು ಎಲ್ಲಿಂದ ಬಂತು, ಹೇಗೆ ಕೆಲಸ ಮಾಡುತ್ತದೆ ಎಂದು ಓದತೊಡಗಿದೆ. ಓದುತ್ತ ಹೋದಂತೆ ಇದು ನಮಗೆ ಹೊರಗಿನ ವಸ್ತುವೇ ಅಲ್ಲ ಎನ್ನಿಸಿತು. ಕಲ್ಲಿಗೆ ಪೆಟ್ಟು ಹಾಕುವ ವಿದ್ಯೆ ಬಹು ಹಿಂದೆ ಬೆಳೆದ ತಾಣಗಳಲ್ಲಿ ನಮ್ಮ ಸೀಮೆಯೂ ಒಂದು.

ಹುಣಸಗಿಯ ಹತ್ತಿರದ ಇಸಾಂಪುರದ ಹೆಸರನ್ನು ನೀವು ಕೇಳಿರಬಹುದು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಹುಣಸಗಿ ಕಣಿವೆಯಲ್ಲಿ ದಶಕಗಳ ಕಾಲ ಸುತ್ತಾಡಿ ಹಳೆಯ ಶಿಲಾಯುಗದ ನೆಲೆಗಳನ್ನು ಗುರುತಿಸಿದರು. ಇಸಾಂಪುರದಲ್ಲಿ ಅವರಿಗೆ ಸಿಕ್ಕಿದ್ದು ಆ ಕಾಲದ ಜನ ಸುಣ್ಣಕಲ್ಲಿನ ಚಪ್ಪಡಿಗಳನ್ನು ಎತ್ತಿ, ಒಡೆದು, ಅಲ್ಲೇ ಕೂತು ಆಯುಧ ಮಾಡಿಕೊಂಡ ಜಾಗ. ಇಂದಿನ ಮಾತಿನಲ್ಲಿ ಹೇಳುವುದಾದರೆ ಒಂದು ಕ್ವಾರಿ ಮತ್ತು ಅದರ ಪಕ್ಕದ ವರ್ಕ್‌ಶಾಪು. ವಿಜ್ಞಾನಿಗಳು ಲೆಕ್ಕ ಹಾಕಿದ ವಯಸ್ಸು ಸುಮಾರು 12 ಲಕ್ಷ ವರ್ಷ. ಅಲ್ಲಿ ಒಡೆದ ಕಲ್ಲಿನ ಜೊತೆಗೆ ಒಡೆಯಲು ಬಳಸಿದ ಗುಂಡುಕಲ್ಲುಗಳೂ ಸಿಕ್ಕಿವೆ. ಸುತ್ತಿಗೆಯ ಮುತ್ತಜ್ಜಿ ಅಂದರೆ ಅದೇ.

ಅದೇ ಸೀಮೆಯ ರಾಜನಕೋಳೂರಿನಲ್ಲಿ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿ ಮಾಡಿದ ಕಲ್ಲುಮನೆಗಳಿವೆ. ಕಬ್ಬಿಣ ಯುಗದ ಜನ ಸತ್ತವರಿಗಾಗಿ ಕಟ್ಟಿದವು ಅವು. 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಅವುಗಳನ್ನು ನೋಡಿ ವಿವರವಾಗಿ ಬರೆದ. ನಾಲ್ಕೂ ಕಡೆ ಮುಚ್ಚಿದ ಕೆಲವು ಮನೆಗಳಲ್ಲಿ ಒಂದು ಚಪ್ಪಡಿಗೆ ದುಂಡನೆಯ ಕಂಡಿ ಕೊರೆದಿರುತ್ತದೆ. ನೀರು ಹೋಗಲೆಂದಲ್ಲ, ಗೂಟ ಹಾಕಲೆಂದಲ್ಲ, ಒಳಗಿರುವವರಿಗೂ ಹೊರಗಿನ ಲೋಕಕ್ಕೂ ಒಂದು ದಾರಿ ಇರಲೆಂದೇ ಕೊರೆದಂತೆ ಕಾಣುತ್ತದೆ. ಆ ಕಂಡಿ ಕೊರೆಯಲು ಎಷ್ಟು ದಿನ, ಎಷ್ಟು ಕೈ ಬೇಕಾದವೋ!

ಕಲ್ಲಿಗೂ ಉಳಿಗೂ ಹೆಂಗಸರು ದೂರದವರೇ? ನಮ್ಮ ಬಾಲ್ಯವನ್ನು ನೆನೆಸಿಕೊಂಡರೆ ಸಾಕು. ಬೀಸುವ ಕಲ್ಲು ನುಣುಪಾಗಿ ಜೋಳ ಹಿಟ್ಟಾಗದೆ ಜಾರತೊಡಗಿದಾಗ, "ಕಲ್ಲಿಗೆ ಮುಳ್ಳು ಹಾಕ್ತೀವ್ರೀ" ಎಂದು ಓಣಿಯಲ್ಲಿ ಕೂಗುತ್ತ ಬರುತ್ತಿದ್ದವರು ಯಾರು? ಕಲ್ಲು ಕೆಲಸದ ಮನೆತನಗಳ ಹೆಣ್ಣುಮಕ್ಕಳು. ಸೊಂಟಕ್ಕೆ ಕೂಸು, ಕೈಯಲ್ಲಿ ಸಣ್ಣ ಸುತ್ತಿಗೆ, ಒಂದು ಚಾಣ. ಅಂಗಳದಲ್ಲಿ ಕೂತು ಟಕ್ ಟಕ್ ಎಂದು ಒಂದೇ ಲಯದಲ್ಲಿ ಬಡಿಯುತ್ತ ಕಲ್ಲಿನ ಮೈಯೆಲ್ಲ ಚುಕ್ಕಿ ಬಿಡಿಸುತ್ತಿದ್ದರು. ಪ್ರತಿ ಪೆಟ್ಟಿಗೂ ಚಾಣ ಕೂದಲೆಳೆಯಷ್ಟು ಸರಿಯುತ್ತಿತ್ತು. ಕೂಲಿಗೆ ಒಂದಿಷ್ಟು ಜೋಳ, ಮೇಲೆ ರೊಟ್ಟಿ. ಆ ಕೈಗಳ ಕಸುಬನ್ನು ನಾವು ವಿದ್ಯೆ ಎಂದು ಕರೆಯಲಿಲ್ಲ, ಅಷ್ಟೇ.

ಬಾವಿ ತೋಡುವಲ್ಲಿ ಇದೇ ವಿದ್ಯೆ ದೊಡ್ಡದಾಗಿ ನಡೆಯುತ್ತಿತ್ತು. ತಳದಲ್ಲಿ ಬಂಡೆ ಹತ್ತಿದರೆ ಮದ್ದು ತುಂಬಲು ತೂತು ಹಾಕಬೇಕು. ಒಬ್ಬ ಉಕ್ಕಿನ ಸಲಾಕೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂರುತ್ತಿದ್ದ, ಇನ್ನೊಬ್ಬ ದೊಡ್ಡ ಸುತ್ತಿಗೆಯಿಂದ ಅದರ ತಲೆಗೆ ಬಡಿಯುತ್ತಿದ್ದ. ಪೆಟ್ಟು ಬಿದ್ದ ಕೂಡಲೇ ಕೂತವನು ಸಲಾಕೆಯನ್ನು ತುಸು ತಿರುಗಿಸುತ್ತಿದ್ದ. ತಿರುಗಿಸದಿದ್ದರೆ ಮೊನೆ ಅದೇ ಗೀರಿನಲ್ಲಿ ಸಿಕ್ಕಿಕೊಳ್ಳುತ್ತದೆ, ತೂತು ದುಂಡಗಾಗುವುದಿಲ್ಲ. ನಡುನಡುವೆ ನೀರು ಹೊಯ್ದು ಪುಡಿಯನ್ನು ಹೊರತೆಗೆಯುತ್ತಿದ್ದರು. ಬಡಿ, ತಿರುಗಿಸು, ಪುಡಿ ತೆಗೆ. ಕಲ್ಲಿನಲ್ಲಿ ತೂತು ಬೀಳಲು ಈ ಮೂರು ಕೆಲಸ ಆಗಲೇಬೇಕು. ಮುಂದೆ ಬಂದ ಯಂತ್ರಗಳೆಲ್ಲ ಈ ಮೂರನ್ನು ಮನುಷ್ಯನ ರಟ್ಟೆಯಿಂದ ಬೇರೆ ಕಡೆಗೆ ದಾಟಿಸಲು ಮಾಡಿದ ಪ್ರಯತ್ನಗಳು.

ಕೃಷ್ಣೆಯನ್ನು ದಾಟಿ ಲಿಂಗಸುಗೂರು ತಾಲ್ಲೂಕಿಗೆ ಹೋದರೆ ಹಟ್ಟಿ ಸಿಗುತ್ತದೆ. ಇಂದಿಗೂ ಚಿನ್ನ ತೆಗೆಯುವ ಊರು. ಅಲ್ಲಿ ಇಂದಿನವರಿಗಿಂತ ಸುಮಾರು ಎರಡು ಸಾವಿರ ವರ್ಷ ಮೊದಲೇ ಜನ ನೂರಾರು ಅಡಿ ಆಳಕ್ಕೆ ಇಳಿದಿದ್ದ ಗುರುತುಗಳಿವೆ. ಯಂತ್ರವಿಲ್ಲ, ಸಿಡಿಮದ್ದಿಲ್ಲ. ಬಂಡೆಗೆ ಬೆಂಕಿ ಹಾಕಿ ಕಾಯಿಸುವುದು, ನೀರು ಸುರಿದು ಬಿರಿಯಿಸುವುದು, ಬಿರುಕಿಗೆ ಉಳಿ ಕೊಟ್ಟು ಬಡಿಯುವುದು. ಚಿನ್ನದ ಹುಡುಕಾಟದಿಂದ ನಮ್ಮ ನಾಡಿಗೆ ಇನ್ನೊಂದು ಲಾಭವೂ ಆಯಿತು. ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನವನ್ನು 1915ರಲ್ಲಿ ಗುರುತಿಸಿದವರು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು.

ರಟ್ಟೆಯ ಬದಲು ಗಾಳಿಯನ್ನು ದುಡಿಸಿಕೊಂಡದ್ದು ಯುರೋಪಿನ ಆಲ್ಪ್ಸ್ ಪರ್ವತದಲ್ಲಿ. ಇಟಲಿ ಮತ್ತು ಫ್ರಾನ್ಸ್ ನಡುವೆ ಮೋಂ ಸೆನಿ ರೈಲು ಸುರಂಗವನ್ನು 1857ರಲ್ಲಿ ಕೈಕೆಲಸದಿಂದಲೇ ಕೊರೆಯತೊಡಗಿದರು. 1861ರಲ್ಲಿ ಎಂಜಿನಿಯರ್ ಸೊಮೆಯೇ ಒತ್ತಿದ ಗಾಳಿಯಿಂದ ಬಡಿಯುವ ಡ್ರಿಲ್ಲುಗಳನ್ನು ಇಳಿಸಿದ. ಸುಮಾರು 13 ಕಿಲೋಮೀಟರಿನ ಆ ಸುರಂಗ 1871ರಲ್ಲಿ ತೆರೆಯಿತು. ನಮ್ಮ ಕೋಲಾರದ ಗಣಿಗಳಿಗೂ ಗಾಳಿಯ ಡ್ರಿಲ್ಲುಗಳು ಬಂದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಹರಿದದ್ದು ಮೊದಲು ಕೋಲಾರದ ಗಣಿಗಳಿಗೆ. ಮನೆಗಳ ದೀಪ ಆಮೇಲಿನ ಮಾತು.

ಬಡಿಯುವುದೂ ತಿರುಗಿಸುವುದೂ ಯಂತ್ರಕ್ಕೆ ಹೋದವು. ಮೂರನೆಯ ಕೆಲಸದಲ್ಲಿ ಮಾತ್ರ ಘೋರವಾಯಿತು. ಅಮೆರಿಕದ ಡೆನ್ವರಿನ ಜಾರ್ಜ್ ಲೇನರ್ ಎಂಬಾತ 1890ರ ದಶಕದ ಕೊನೆಗೆ ಒಂದು ಚುರುಕಾದ ಡ್ರಿಲ್ಲು ಮಾಡಿದ. ಅದರ ಸಲಾಕೆ ಟೊಳ್ಳು. ಅದರೊಳಗಿನಿಂದ ಗಾಳಿ ಊದಿ ತೂತಿನ ಪುಡಿಯನ್ನೆಲ್ಲ ಹೊರಗೆ ಹಾರಿಸುತ್ತಿತ್ತು. ಕೆಲಸವೇನೋ ಬೇಗ ಆಗುತ್ತಿತ್ತು, ಆದರೆ ಆ ಹಿಟ್ಟಿನಂಥ ಧೂಳೆಲ್ಲ ಕೆಲಸಗಾರರ ಎದೆಗೆ ಹೋಗುತ್ತಿತ್ತು. ಅವರು ಆ ಯಂತ್ರ ಹಿಡಿಯಲು ಒಪ್ಪಲಿಲ್ಲ. ಲೇನರ್ ಗಾಳಿಯ ಜೊತೆಗೆ ನೀರನ್ನೂ ಹರಿಸುವಂತೆ ಮಾಡಬೇಕಾಯಿತು. ನೀರಿಲ್ಲದೆ ಕೊರೆಯುವ ಡ್ರಿಲ್ಲುಗಳಿಗೆ ಗಣಿಯ ಜನ ಇಟ್ಟ ಅಡ್ಡಹೆಸರು "ವಿಧವೆಯರನ್ನು ಮಾಡುವ ಯಂತ್ರ" ಎಂದು. ಆ ಹೆಸರನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಇದು ದೂರದ ಕಥೆಯಲ್ಲ. ಕೋಲಾರದ ಗಣಿಗಳಲ್ಲಿ 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ತಪಾಸಣೆ ಮಾಡಿದಾಗ, ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನರ ಪುಪ್ಪುಸದಲ್ಲಿ ಸಿಲಿಕೋಸಿಸ್ ಕಂಡಿತು. ಕಲ್ಲಿನೊಳಗಿನ ಬೆಣಚು, ಕಣ್ಣಿಗೆ ಕಾಣದಷ್ಟು ನುಣ್ಣಗಾಗಿ ಎದೆಗಿಳಿದು, ಅಲ್ಲೇ ಗಾಯ ಮಾಡಿ ಪುಪ್ಪುಸವನ್ನು ಗಟ್ಟಿಮಾಡುವ ರೋಗ. ಒಮ್ಮೆ ಬಂದರೆ ಅದನ್ನು ವಾಸಿಮಾಡುವ ಔಷಧಿ ಇಲ್ಲ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಕಲ್ಲಿನ ಕ್ವಾರಿಗಳಲ್ಲಿ, ಕ್ರಷರುಗಳಲ್ಲಿ ಆ ರೋಗ ಇನ್ನೂ ಇದೆ.

ಇನ್ನು ಯಂತ್ರ ಮನೆಗೆ ಬಂದ ಬಗೆ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಫೈನ್ ಎಂಬ ಕಂಪನಿ 1895ರಲ್ಲಿ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ಲು ಮಾಡಿತು. ಏಳೂವರೆ ಕಿಲೋ ಭಾರ. ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿಗೆ 1917ರಲ್ಲಿ ಪಿಸ್ತೂಲಿನಂಥ ಹಿಡಿಕೆ ಮತ್ತು ಕುದುರೆ ಇರುವ ಡ್ರಿಲ್ಲಿಗೆ ಪೇಟೆಂಟು ಸಿಕ್ಕಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಯ ಕೆಲಸಗಾರರು ಈ ಡ್ರಿಲ್ಲುಗಳನ್ನು ಮೆಲ್ಲಗೆ ಮನೆಗೂ ಒಯ್ಯುತ್ತಿದ್ದರಂತೆ. ಹಾಗಾದರೆ ಮನೆಯಲ್ಲೂ ಇದಕ್ಕೆ ಕೆಲಸವಿದೆಯೆಂದು ಕಂಪನಿಗೆ ಹೊಳೆದು, 1946ರಲ್ಲಿ ಮನೆಬಳಕೆಯ ಡ್ರಿಲ್ಲನ್ನು ಮಾರುಕಟ್ಟೆಗೆ ಬಿಟ್ಟಿತು.

ತೂತು ಹಾಕಿದರಾಯಿತೇ, ಸ್ಕ್ರೂ ನಿಲ್ಲಬೇಕಲ್ಲ? ಅದಕ್ಕೆ ಉತ್ತರ ಕೊಟ್ಟವನು ಲಂಡನ್ನಿನ ಜಾನ್ ರಾಲಿಂಗ್ಸ್. ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆ ಕೆಡದಂತೆ ವಿದ್ಯುತ್ ಸಲಕರಣೆ ಕೂಡಿಸಬೇಕಾಗಿ ಬಂದಾಗ, 1911ರ ಸುಮಾರಿಗೆ ಸೆಣಬಿನ ನಾರನ್ನು ಅಂಟಿನಿಂದ ಗಟ್ಟಿಮಾಡಿ ಸಣ್ಣ ಗೂಟ ಮಾಡಿದ. ಸ್ಕ್ರೂ ಒಳಹೋದಂತೆ ಅದು ಉಬ್ಬಿ ತೂತನ್ನು ಕಚ್ಚಿ ಹಿಡಿಯುತ್ತದೆ. ಈಗ ನಾವು ಅಂಗಡಿಯಲ್ಲಿ ಹಿಡಿಗಟ್ಟಲೆ ತರುವ ಪ್ಲಾಸ್ಟಿಕ್ ಗೂಟದ ಮೂಲ, ಜರ್ಮನಿಯ ಆರ್ಟುರ್ ಫಿಷರ್ 1958ರಲ್ಲಿ ಮಾಡಿದ ನೈಲಾನಿನ ಗೂಟ.

ಈಗ ಅಂಗಡಿಯ ಆ ಎರಡು ಮಷೀನುಗಳಿಗೆ ಬರೋಣ. ಇಂಪ್ಯಾಕ್ಟ್ ಡ್ರಿಲ್ಲಿನೊಳಗೆ ಎರಡು ಹಲ್ಲಿನ ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿ ಕುಣಿಯುತ್ತವೆ. ನಿಮಿಷಕ್ಕೆ ಹತ್ತಾರು ಸಾವಿರ ಪೆಟ್ಟು, ಆದರೆ ಪ್ರತಿ ಪೆಟ್ಟೂ ಪುಸ್ಕಲು. ಅದು ಕೆಲಸ ಮಾಡಬೇಕಾದರೆ ಹಿಡಿದವರು ಮೈಭಾರ ಹಾಕಿ ಒತ್ತಬೇಕು. ಇಟ್ಟಿಗೆಯ ಗೋಡೆಗೆ ಸಾಕು, ಕರಿಕಲ್ಲಿಗೆ ಸಾಲದು. ರೋಟರಿ ಹ್ಯಾಮರ್ ಡ್ರಿಲ್ಲಿನ ಒಳಗೆ ಸೈಕಲ್ ಪಂಪಿನಂತೆ ಒಂದು ಪಿಸ್ಟನ್ನು ಇದೆ. ಅದು ಗಾಳಿಯನ್ನು ಒತ್ತುತ್ತದೆ, ಒತ್ತಿದ ಗಾಳಿ ಒಂದು ಉಕ್ಕಿನ ಗುಂಡನ್ನು ಚಿಮ್ಮಿಸುತ್ತದೆ, ಗುಂಡು ಬಿಟ್ಟಿನ ಹಿಂಬದಿಗೆ ಬಡಿಯುತ್ತದೆ. ಜೊತೆಗೇ ಬಿಟ್ಟು ತಿರುಗುತ್ತದೆ. ಬಾವಿಯ ತಳದ ಆ ಇಬ್ಬರೂ ಇದರೊಳಗೆ ಕೂತಿದ್ದಾರೆ ಎನ್ನಿ. ಬಾಷ್ ಕಂಪನಿ 1932ರಲ್ಲಿ ವಿದ್ಯುತ್ತಿನ ಬಡಿಯುವ ಡ್ರಿಲ್ಲನ್ನು ಹೊರತಂದಿತು, ಹಿಲ್ಟಿ ಕಂಪನಿ 1967ರಲ್ಲಿ ತನ್ನದನ್ನು ತಂದಿತು. ಗಾಳಿಯೇ ಬಡಿಯುವುದರಿಂದ ಹಿಡಿದವರು ಒತ್ತಬೇಕಿಲ್ಲ, ನೆಟ್ಟಗೆ ಹಿಡಿದು ದಾರಿ ತೋರಿಸಿದರೆ ಸಾಕು. ನಮ್ಮಂಥವರ ಕೈಗೆ ಹಗುರವೆಂದು ಕಾಣುವ ಸಾದಾ ಡ್ರಿಲ್ಲು ನಮಗೆ ಹೆಚ್ಚು ಕಷ್ಟ ಕೊಡುತ್ತದೆ, ಭಾರವೆಂದು ಹೆದರುವ ಇದು ಸುಲಭವಾಗುತ್ತದೆ. ಈ ಒಂದು ಮಾತನ್ನು ಅಂಗಡಿಯವರು ಹೇಳಿದ್ದರೆ ಸಾಕಿತ್ತು.

ಗುರುತಿಸುವುದು ಹೇಗೆ? ಬಾಯಿ ನೋಡಿ. ಸಾದಾ ಡ್ರಿಲ್ಲಿನ ಬಾಯಲ್ಲಿ ಮೂರು ದವಡೆ ಇದ್ದು ಬಿಟ್ಟನ್ನು ಬಿಗಿಯಾಗಿ ಕಚ್ಚುತ್ತವೆ. ರೋಟರಿ ಹ್ಯಾಮರಿನಲ್ಲಿ ಬಿಟ್ಟು ಟಕ್ಕೆಂದು ಒಳಗೆ ಕೂರುತ್ತದೆ, ಆದರೆ ಹಿಂದೆ ಮುಂದೆ ತುಸು ಆಡುತ್ತದೆ. ಸಡಿಲವಾಗಿದೆಯೆಂದು ಹೆದರಬೇಡಿ, ಪೆಟ್ಟು ತಿನ್ನಲು ಆ ಆಟ ಬೇಕು. 1975ರಲ್ಲಿ ಬಂದ ಈ ವ್ಯವಸ್ಥೆಗೆ ಎಸ್‌ಡಿಎಸ್ ಎಂದು ಹೆಸರು. ಜರ್ಮನ್ ಭಾಷೆಯಲ್ಲಿ "ಚುಚ್ಚು, ತಿರುವು, ಕೂತಿತು" ಎಂಬ ಅರ್ಥದ ಮೂರು ಮಾತುಗಳ ಮೊದಲಕ್ಷರಗಳು. ಮನೆಗೆ 10 ಮಿಲಿಮೀಟರ್ ಬುಡದ ಎಸ್‌ಡಿಎಸ್ ಪ್ಲಸ್ ಸಾಕು. 18 ಮಿಲಿಮೀಟರಿನ ಮ್ಯಾಕ್ಸ್ ಎಂಬುದು ಕಂತ್ರಾಟುದಾರರಿಗೆ.

ವ್ಯಾಟ್ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಕೇಳಬೇಕಾದದ್ದು ಜೂಲ್ ಎಷ್ಟೆಂದು. ಅದು ಒಂದು ಪೆಟ್ಟಿನ ಬಲ. ಮನೆಗೆ ಎರಡರಿಂದ ಮೂರು ಜೂಲ್ ಧಾರಾಳವಾಯಿತು. ಕಾಲು ಕಿಲೋದ ಬಟ್ಟು ಒಂದು ಮೀಟರ್ ಎತ್ತರದಿಂದ ಬಿದ್ದರೆ ಎರಡೂವರೆ ಜೂಲ್ ಆಗುತ್ತದೆ. ಅಂಥ ಪೆಟ್ಟು ಸೆಕೆಂಡಿಗೆ ಅರವತ್ತು, ಎಪ್ಪತ್ತು ಬೀಳುತ್ತದೆಂದು ಊಹಿಸಿಕೊಳ್ಳಿ. ತೂಕ ಮೂರು ಕಿಲೋ ಮೀರದಿರಲಿ, ತಲೆಯ ಮೇಲೆ ಎತ್ತಿ ಹಿಡಿಯುವುದೂ ಇರುತ್ತದೆ. ಬರೀ ತಿರುಗುವುದು, ತಿರುಗಿ ಬಡಿಯುವುದು, ಬರೀ ಬಡಿಯುವುದು ಎಂಬ ಮೂರು ಬಗೆ ಇರಲಿ. ಟೈಲ್ಸಿಗೆ ಪೆಟ್ಟು ಕೊಟ್ಟರೆ ಒಡೆಯುತ್ತದೆ. ಮೊದಲು ಟೈಲ್ಸಿನ ಬಿಟ್ಟು ಹಾಕಿ ಬರೀ ತಿರುಗಿಸಿ ದಾಟಿ, ಆಮೇಲೆ ಪೆಟ್ಟು ಕೊಡಬೇಕು. ಬಿಟ್ಟು ಒಳಗಿನ ಕಬ್ಬಿಣಕ್ಕೆ ಸಿಕ್ಕಿಕೊಂಡರೆ ಮಷೀನು ಮುಂಗೈಯನ್ನು ತಿರುಚದಂತೆ ತಡೆಯುವ ಕ್ಲಚ್ಚು ಇದೆಯೇ ಎಂದು ಕೇಳಿ, ಪಕ್ಕದ ಹಿಡಿಕೆ ಇಲ್ಲದೆ ಕೊಳ್ಳಬೇಡಿ. ಸ್ವಿಚ್ಚಿನ ನೇರ ಮೇಲೆ, ನೇರ ಕೆಳಗೆ ವೈರು ಹೋಗಿರಬಹುದು, ಅಲ್ಲಿ ಕೊರೆಯಬೇಡಿ. ಬಚ್ಚಲಲ್ಲಿ ನಲ್ಲಿಯ ಕೊಳವೆಗೂ ಅದೇ ಮಾತು.

ಬಿಟ್ಟಿಗೆ ನಮ್ಮ ಗೌಂಡಿಗಳು "ವಿಡಿಯಾ ಬಿಟ್ಟು" ಎನ್ನುವುದನ್ನು ಕೇಳಿದ್ದೀರಿ. ಜರ್ಮನಿಯ ಕ್ರುಪ್ ಕಂಪನಿ 1926ರಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಎಂಬ ಅತಿ ಗಟ್ಟಿ ವಸ್ತುವಿಗೆ ಇಟ್ಟ ಹೆಸರು ಅದು. "ವಜ್ರದಂತೆ" ಎಂಬ ಅರ್ಥದ ಜರ್ಮನ್ ಮಾತನ್ನು ಮೊಟಕುಮಾಡಿ ಮಾಡಿದ್ದು. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ 1960ರ ದಶಕದಲ್ಲಿ ಅದೇ ಹೆಸರಿನ ಕಾರ್ಖಾನೆ ಬಂತು, ಹೆಸರು ಗೌಂಡಿಗಳ ಬಾಯಲ್ಲಿ ಕನ್ನಡವಾಯಿತು. ಬಿಟ್ಟಿನ ಬೆಲೆಯಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಮಷೀನು ಎಷ್ಟೇ ಚೆನ್ನಾಗಿದ್ದರೂ ಕಲ್ಲಿಗೆ ತಗಲುವುದು ಬಿಟ್ಟಿನ ತುದಿ.

ಇಷ್ಟೆಲ್ಲ ನೋಡಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಧೂಳು ಎಲ್ಲಿ ಹೋಗುತ್ತದೆ? ತೂತು ಹಾಕುವವರು ಯಾರೇ ಇರಲಿ, ಕೆಳಗೆ ಬಿದ್ದ ಪುಡಿಯನ್ನು ಪೊರಕೆ ಹಿಡಿದು ಗುಡಿಸುವವಳು ಒಬ್ಬಳು ಇದ್ದೇ ಇರುತ್ತಾಳೆ. ಒಣ ಪೊರಕೆಯಲ್ಲಿ ಗುಡಿಸಿದರೆ ಕೂತ ಧೂಳು ಮತ್ತೆ ಎದ್ದು ಮೂಗಿಗೆ ಬರುತ್ತದೆ. ಗ್ರಾನೈಟಿನಲ್ಲಿ ಸುಮಾರು ಕಾಲುಭಾಗ ಬೆಣಚೇ. ಮನೆಯಲ್ಲಿ ವರ್ಷಕ್ಕೆ ಹತ್ತು ತೂತು ಹಾಕುವುದರಿಂದ ಗಣಿಯ ರೋಗ ಬಂದುಬಿಡುವುದಿಲ್ಲ, ಗಾಬರಿ ಬೇಡ. ದಿನಾ ಅದೇ ಕೆಲಸ ಮಾಡುವವನಿಗೆ ಮಾತ್ರ ಅಪಾಯ ನಿಜವಾದದ್ದು. ಸೀರೆಯ ಸೆರಗಾಗಲಿ, ಕರವಸ್ತ್ರವಾಗಲಿ ಆ ನುಣುಪು ಧೂಳನ್ನು ತಡೆಯುವುದಿಲ್ಲ. 2020ರ ಕೊರೋನಾ ನಮಗೆಲ್ಲ ಎನ್ 95 ಮಾಸ್ಕಿನ ಪರಿಚಯ ಮಾಡಿಸಿದೆ. ಇದಕ್ಕೂ ಅದೇ ಬೇಕು. ಕೆಳಗೆ ಒದ್ದೆ ಬಟ್ಟೆ ಹಾಸಿ, ಕಿಟಕಿ ತೆರೆಯಿರಿ, ಕೆಲಸವಾದ ಮೇಲೆ ಒದ್ದೆ ಅರಿವೆಯಿಂದ ಒರೆಸಿ. ಮಷೀನಿನವನನ್ನು ಕರೆಸಿದರೂ ಸರಿ, ಅವನಿಗೂ ಅವನ ಜೊತೆ ಬಂದ ಹುಡುಗನಿಗೂ ಒಂದೊಂದು ಮಾಸ್ಕು ಕೊಟ್ಟು, ಹಾಕಿಕೊಂಡ ಮೇಲೇ ಕೆಲಸ ಶುರುಮಾಡಿಸಿ. ಚಹಾ ಕೊಡುವಷ್ಟೇ ಸಹಜವಾಗಿ ಇದೂ ನಡೆಯಬೇಕು.

ಬಚ್ಚಲಿನ ಹಿಡಿಕೆಯನ್ನು ಮಗಳೂ ನಾನೂ ಕೂಡಿಯೇ ಹಾಕಿದೆವು. 10 ಮಿಲಿಮೀಟರಿನ ಆರು ತೂತು, ಗಿಲಾಯಿ ದಾಟಿ ಗಟ್ಟಿ ಕಾಂಕ್ರೀಟಿನವರೆಗೆ. ಒಳಗಿನ ಪುಡಿಯನ್ನೆಲ್ಲ ತೆಗೆದ ಮೇಲೇ ಗೂಟ ಬಡಿದೆವು, ಪುಡಿ ಉಳಿದರೆ ಗೂಟ ಜಾರುತ್ತದೆ. ಮೊದಲು ನಾನು ಜೋತುಬಿದ್ದು ನೋಡಿದೆ, ಆಮೇಲೆ ಅತ್ತೆಯವರು ಹಿಡಿದರು.

ಸುದ್ದಿ ಓಣಿಯಲ್ಲಿ ನಿಲ್ಲಲಿಲ್ಲ. ಒಬ್ಬಾಕೆಗೆ ತೊಟ್ಟಿಲ ಕೊಕ್ಕೆ ಬೇಕಿತ್ತು, ಇನ್ನೊಬ್ಬಾಕೆಗೆ ಮಳೆಗಾಲಕ್ಕೆ ಒಳಗೊಂದು ಅರಿವೆಯ ಹಗ್ಗ. ಹಿಂದಿನ ಸಾಲಿನಲ್ಲಿರುವ ಒಬ್ಬಾಕೆ ತಾನಾಗಿ ಏನೂ ಕೇಳಲಿಲ್ಲ. ಅವಳ ಗಂಡ ಕಲ್ಲಿನ ಕೆಲಸದವನು, ಕೆಮ್ಮಿ ಕೆಮ್ಮಿ ನಲವತ್ತಾಗುವ ಮೊದಲೇ ಹೋದ. ನಾವೇ ಕೇಳಿದ್ದಕ್ಕೆ, ಗೋಡೆಯ ಮೇಲಿನ ಕನ್ನಡಿ ಅವನ ಎತ್ತರಕ್ಕೇ ಇದೆ, ತನಗೆ ಹಣೆ ಮಾತ್ರ ಕಾಣುತ್ತದೆ, ಒಂದು ಗೇಣು ಕೆಳಗೆ ಬಂದರೆ ಸಾಕು ಎಂದಳು. ಮಗಳು ಅವಳಿಗೂ ಒಂದು ಮಾಸ್ಕು ಕೊಟ್ಟಳು. ಅವಳು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇಷ್ಟೇ ಏನ್ರೀ ಇದು?" ಎಂದಳು. ಹಾಕಿಕೊಂಡು ಬಾಗಿಲ ಹೊರಗೆ ನಿಂತಳು. ಎರಡು ತೂತಿನ ಕೆಲಸ, ಐದು ನಿಮಿಷವೂ ಆಗಲಿಲ್ಲ.

ಧೂಳು ಕೂತು, ನೆಲ ಒರೆಸಿ ಆದಮೇಲೆ ಅವಳು ಒಳಗೆ ಬಂದು ಕನ್ನಡಿಯ ಮುಂದೆ ನಿಂತಳು. ನಾವು ಮಷೀನನ್ನು ಪೆಟ್ಟಿಗೆಗೆ ಹಾಕಿಕೊಂಡು, ಚಹಾ ಬೇಡವೆಂದು ಹೇಳದೆ, ಕಟ್ಟೆಯ ಮೇಲೆ ಕೂತೆವು.